ತಣ್ಣಗಿದ್ದಾಗ ಶುರು ಮಾಡಿ

ಹಿಂಬದಿಯ ಮುಚ್ಚಳ ಎತ್ತಿ ಇಂಜಿನ್ನಿನ ಮೇಲೆ ಅಂಗೈ ಇಟ್ಟೆ.
ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ.
"ನಾನು ಬರುವ ಮುಂಚೆಯೇ ಓಡಿಸಿಟ್ಟಿದ್ದೀರಿ, ಮಿಸ್ಟರ್ ಥರ್ಲೋ.
ನಾಳೆ ಬೆಳಗ್ಗೆ ಆರಕ್ಕೆ ಬರುತ್ತೇನೆ.
ಅಲ್ಲಿಯವರೆಗೆ ಕೀಲಿ ಮುಟ್ಟಬೇಡಿ."

ಮೂವತ್ತೊಂದು ವರ್ಷ ನೆಬ್ರಾಸ್ಕಾದ ಹಿಮದಲ್ಲಿ
ಶಾಲೆಯ ಹಳದಿ ಬಸ್ಸು ಓಡಿಸಿದವಳು ನಾನು.
ಡೀಸೆಲ್ಲು ಸುಳ್ಳು ಹೇಳುವುದು ಬಿಸಿಯಾದ ಮೇಲೆ.
ತಣ್ಣಗಿದ್ದಾಗ ಅದಕ್ಕೆ ನಟಿಸಲು ಬರುವುದಿಲ್ಲ.

ಅವತ್ತು ಉಳಿದದ್ದನ್ನೆಲ್ಲ ನೋಡಿದೆ.
ಯೂಮಾದ ಮರಳಿನ ಅಂಚಿನಲ್ಲಿ ನಿಂತ ನಲವತ್ತು ಅಡಿಯ ಗಾಲಿಮನೆ,
ಅಮೃತಶಿಲೆಯಂತೆ ಕಾಣುವ ನೆಲ, ಚೆರ್ರಿ ಮರದ ಕಪಾಟು,
ಗುಂಡಿ ಒತ್ತಿದರೆ ನೆಲದಿಂದೆದ್ದು ಬರುವ ಟೀವಿ.
ಮೇಲೆ ಬಂತು. ಎಲ್ಲರೂ ನೋಡಿದೆವು. ಕೆಳಗೆ ಹೋಯಿತು.
ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲ.
ತಂಗಿ ಡೊರೆಟ್ಟಾ ಬಚ್ಚಲಿನ ಗಾಜಿನ ಬಾಗಿಲನ್ನು
ಮೂರು ಸಲ ತೆರೆದು ಹಾಕಿದಳು;
ಅವಳ ಮುಖ ನೋಡಿಯೇ ಬೆಲೆ ಎರಡು ಸಾವಿರ ಡಾಲರ್ ಏರಿರಬೇಕು.

ದಾನದ ಹಸುವಲ್ಲ ಇದು, ಹಲ್ಲು ಎಣಿಸಲೇಬೇಕು.

ಏಣಿ ಹತ್ತಿದೆ. ಮಾಡಿನ ಗಾಳಿಕಿಂಡಿಯ ಸುತ್ತ
ಬೆಳ್ಳನೆಯ ಹೊಸ ಮೇಣ.
ಇಳಿದು, ಅದರ ನೇರ ಕೆಳಗೆ, ಮಂಚದ ತಲೆದೆಸೆಯ ಕಪಾಟಿನೊಳಗೆ
ಹೆಬ್ಬೆರಳಿಂದ ಒತ್ತುತ್ತಾ ಹೋದೆ.
ಗಟ್ಟಿ. ಗಟ್ಟಿ. ಗಟ್ಟಿ. ಮೂಲೆಯಲ್ಲಿ ನೆನೆದ ರೊಟ್ಟಿ.
ಲ್ಯಾವೆಂಡರಿನ ಪರಿಮಳ ಇಷ್ಟೇಕೆ ಎಂದು ಆಗ ತಿಳಿಯಿತು.

ಟೈರುಗಳು ಮಿರಮಿರ ಮಿಂಚುತ್ತಿದ್ದವು, ಗೀರುಗಳೆಲ್ಲ ಆಳವಾಗಿ.
ಮಂಡಿಯೂರಿ, ಟಾರ್ಚು ಹಿಡಿದು, ನಾಲ್ಕು ಅಂಕಿ ಓದಿದೆ:
ಹದಿಮೂರನೆಯ ಇಸವಿ, ಇಪ್ಪತ್ತೆರಡನೆಯ ವಾರ.
ಸವೆಯದಿರುವುದು ಬೇರೆ, ಹಳತಾಗದಿರುವುದು ಬೇರೆ.
ಅದನ್ನು ಬರೆದುಕೊಂಡೆ.
ಏಳುವಾಗ ನನ್ನ ಮಂಡಿ ಮಾಡಿದ ಸದ್ದನ್ನು ಬರೆದುಕೊಳ್ಳಲಿಲ್ಲ.

ಆಮೇಲೆ ಎರಡು ಮೀಟರು.
ಗಾಡಿ ಓಡಿದ್ದು ಮೂವತ್ತೆಂಟು ಸಾವಿರ ಮೈಲಿ.
ಜನರೇಟರು ಓಡಿದ್ದು ಐದು ಸಾವಿರದ ನೂರು ಗಂಟೆ.
ಪೆನ್ನು ನಿಂತಿತು.
ಹೋದದ್ದಕ್ಕಿಂತ ನಿಂತದ್ದೇ ಹೆಚ್ಚು,
ಅದೂ ಕರೆಂಟು ಇಲ್ಲದ ಕಡೆ, ರಾತ್ರಿಯ ಮೇಲೆ ರಾತ್ರಿ.
"ಎಲ್ಲಿ ನಿಲ್ಲಿಸುತ್ತಿದ್ದಿರಿ?"

ಅವರು ಟೋಪಿ ತೆಗೆದು ಅದರೊಳಗೆ ನೋಡಿದರು,
ಉತ್ತರ ಅಲ್ಲೇ ಬರೆದಿರುವಂತೆ.
"ಟೂಸಾನ್. ಆಸ್ಪತ್ರೆಯ ಹಿಂದಿನ ಪಾರ್ಕಿಂಗು, ಸಿ ಸಾಲು.
ಎರಡು ಚಳಿಗಾಲ, ಒಂದು ಬೇಸಿಗೆ.
ಇನೆಜ್‌ಗೆ ಆಮ್ಲಜನಕದ ಯಂತ್ರ ಬೇಕಿತ್ತು, ಎ.ಸಿ. ಬೇಕಿತ್ತು.
ಅಲಾಸ್ಕಾಕ್ಕೆ ಹೋಗಲೆಂದು ಕೊಂಡಿದ್ದೆವು."

ಡೊರೆಟ್ಟಾ ಹೊರಗೆ ಹೋದಳು.
ನಾನು ಹೋಗಲಿಲ್ಲ. ಆಯಿಲ್ ಬದಲಿಸಿದ ಲೆಕ್ಕ ಕೇಳಿದೆ.
ಷೂ ಡಬ್ಬಿಯೊಂದನ್ನು ಕೊಟ್ಟರು. ಮೂವತ್ನಾಲ್ಕು ಚೀಟಿ,
ನೂರೈವತ್ತು ಗಂಟೆಗೊಂದು, ಒಂದೂ ತಪ್ಪಿಲ್ಲ.
ಸಿ ಸಾಲಿನ ಡಾಂಬರಿನ ಮೇಲೆ ಮಲಗಿ ತಾವೇ ಬದಲಿಸಿದ್ದು.
ಕೆಲವದರ ಮೂಲೆಯಲ್ಲಿ ಬೇರೆ ಕೈಬರಹ, ಓರೆಯಾಗಿ:
"ಎಣ್ಣೆ ಚೆಲ್ಲಿದ. ಕಾವಲಿನವನಿಗೆ ಸುಳ್ಳು ಹೇಳಿದ್ದು ನಾನು."

ಮರುದಿನ ಆರಕ್ಕೆ ನಸುಗತ್ತಲು.
ಅಂಗೈ ಇಟ್ಟೆ. ಕಲ್ಲಿನ ಹಾಗೆ ತಣ್ಣಗಿತ್ತು.
ಮಾತು ಉಳಿಸಿಕೊಂಡಿದ್ದರು.
ಕೀಲಿ ತಿರುಗಿತು. ಒಮ್ಮೆ ಗೊಣಗಿ, ಇನ್ನೊಮ್ಮೆ ಕೆಮ್ಮಿ,
ಬೇಲಿಯಾಚೆಯ ಪೊದೆಯವರೆಗೂ ಬಿಳಿ ಹೊಗೆ.
ಗಡಿಯಾರ ನೋಡುತ್ತಾ ನಿಂತೆ.
ನಲವತ್ತು ಸೆಕೆಂಡಿಗೆ ತಿಳಿಯಾಯಿತು.
ಇಷ್ಟೇ ನಲವತ್ತು ಸೆಕೆಂಡನ್ನು ನಿನ್ನೆ ಅವರು ಮುಚ್ಚಿಟ್ಟದ್ದು.

ಟೈರಿಗೆ ನಾಲ್ಕೂವರೆ ಸಾವಿರ ಕಳೆದೆ, ಮಾಡಿನ ಮೂಲೆಗೆ ಮೂರು.
ಜನರೇಟರಿಗೆ ಏನೂ ಕಳೆಯಲಿಲ್ಲ.
"ಅದೊಂದನ್ನು ಯಾಕೆ ಬಿಟ್ಟೆ?" ಎಂದಳು ಡೊರೆಟ್ಟಾ.
"ಆಯಿಲ್ ಸರಿಯಾಗಿತ್ತು."

ಷೂ ಡಬ್ಬಿ ಗಾಡಿಯ ಜೊತೆಗೇ ಬರಬೇಕೆಂದು ಕರಾರಿನಲ್ಲಿ ಬರೆಸಿದ್ದೆ.
ಕೊಟ್ಟರು. ಆ ರಾತ್ರಿ ಚೆರ್ರಿ ಮರದ ಮೇಜಿನ ಮೇಲೆ ಸುರಿದು,
ಹಳೇ ಚಾಳಿ, ಎಣಿಸಿದೆ.
ಮೂವತ್ತಮೂರು.
ಮೂರು ಸಾವಿರದ ನೂರೈವತ್ತನೆಯ ಗಂಟೆಯದು ಇರಲಿಲ್ಲ.